ತೆಂಕಣಕ್ಕೆ ಮುಖ ಮಾಡಿದ ಮಿದುಳು

ನಾನು ನಿಂತಿದ್ದದ್ದು ಉರಿಗಾಂನ ಒಂದು ಸ್ಕ್ಯಾನ್ ಸೆಂಟರಿನ ಕಂಪ್ಯೂಟರ್ ಕೋಣೆಯಲ್ಲಿ, ಆಪರೇಟರನ ಕುರ್ಚಿಯ ಬೆನ್ನು ಹಿಡಿದುಕೊಂಡು. ತೊಂಬತ್ತರ ದಶಕದ ಕೊನೆ, ಒಂದು ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ: ಒಬ್ಬ ಮನುಷ್ಯನ ಮಿದುಳಿನ ರಕ್ತಸ್ರಾವ, ಚಾಕು ಮುಟ್ಟಿಸದೆ, ಮಾತ್ರೆ ಕೊಡದೆ, ಬರೀ ಮರ್ಯಾದೆಯಿಂದ ಮಾಯವಾದದ್ದನ್ನು ನಾನು ಅಲ್ಲಿಂದ ಕಣ್ಣಾರೆ ಕಂಡೆ.

ಮನುಷ್ಯ ನನ್ನ ಭಾವಮೈದ ಮುನಿರಾಜ. ಬೂದಿಕೋಟೆಯಲ್ಲಿ ಡೈರಿಗೆ ಹಾಲು ಒಯ್ಯುವಾಗ ಸೈಕಲ್ಲಿಂದ ಬಿದ್ದು ತಲೆಯನ್ನು ಮೈಲಿಗಲ್ಲಿಗೆ ಕೊಟ್ಟಿದ್ದ. ಯಂತ್ರದಲ್ಲಿ ಕತ್ತು ವಾಲಿಸಿಕೊಂಡೇ ಮಲಗಿದ್ದರಿಂದ ಚಿತ್ರವೂ ವಾಲಿತ್ತು; ಮೂಗು ಪರದೆಯ ಎಡಕ್ಕೆ. ಒಳಗೆ ಎಳ್ಳಿನಷ್ಟು ಬಿಳಿ ಚುಕ್ಕೆ. "ರಕ್ತ ಇರಬೋದು ಸಾರ್, ಡಾಕ್ಟರು ನೋಡಿ ಹೇಳಲಿ," ಎಂದ ಆಪರೇಟರ್ ಸೆಲ್ವರಾಜ್. ಅಷ್ಟರಲ್ಲಿ ನನ್ನ ಅತ್ತೆ ಒಳಗೆ ಬಂದರು.

ಪರದೆ ಇದ್ದದ್ದು ಪಡುವಣ ಗೋಡೆಗೆ; ಅದರ ಎಡ ಎಂದರೆ ತೆಂಕಣ.

"ಅಯ್ಯೋ, ನನ್ ಮಗ ಯಮನ್ ದಿಕ್ಕಿಗೆ ಮಕ ಮಾಡವ್ನೆ! ತಿರುಗ್ಸಪ್ಪಾ!"

"ಅದು ಫೋಟೋ ಅತ್ತೆ," ಎಂದೆ.

"ನೀವ್ ಸುಮ್ಕಿರಿ ಅಳಿಯಂದ್ರೇ. ಓದಿರೋರ್ಗೆ ದಿಕ್ಕ್ ಗೊತ್ತಾಗಲ್ಲ."

ಸೆಲ್ವರಾಜ್ ಸಜ್ಜನ. ಹೊಸ ಸಾಫ್ಟ್‌ವೇರಿನ ಪ್ರತಾಪ ತೋರಿಸಲು ಅವನಿಗೂ ಒಂದು ನೆವ ಬೇಕಿತ್ತು. ಸ್ವಲ್ಪ ತಿರುಗಿಸಿದ. "ಇನ್ನೊಸಿ." ಮತ್ತೆ ತಿರುಗಿಸಿದ. "ಜಾಸ್ತಿ ಆಯ್ತು, ಬಡಗಣಕ್ಕೋಯ್ತು." ಹಿಂದಕ್ಕೆ ತಂದ. ಹೀಗೆ ತಿರುಗಿಸಿದ್ದನ್ನೇ ತಿರುಗಿಸುತ್ತ ಹೋದ. ಸಾಫ್ಟ್‌ವೇರಿನ ನ್ಯಾಯ ನಮ್ಮ ಊರಿನದೇ: ಪರದೆಯ ಚಿತ್ರವೆಂದರೆ ಸಣ್ಣ ಸಣ್ಣ ಚುಕ್ಕೆಗಳ ರಾಶಿ; ಅದು ವಾರೆಯಾದಾಗಲೆಲ್ಲ ಪ್ರತಿ ಹೊಸ ಚುಕ್ಕೆ ಯಾವ ಬಣ್ಣದ್ದಾಗಬೇಕೆಂದು ಅಕ್ಕಪಕ್ಕದ ಹಳೇ ಚುಕ್ಕೆಗಳನ್ನು ಕೇಳಿ, ಸರಾಸರಿ ತೆಗೆದು ಬಳಿಯುತ್ತದೆ. ಒಂಟಿ ಬಿಳಿಯ ಮಾತು ಬೂದುಬಣ್ಣದ ಪಂಚಾಯಿತಿಯಲ್ಲಿ ಎಷ್ಟು ಹೊತ್ತು ನಡೆದೀತು?

ಡಾಕ್ಟರು ಬಂದಾಗ ಮೂಗು ನೆಟ್ಟಗಿತ್ತು, ಚುಕ್ಕೆ ಇರಲಿಲ್ಲ. "ಮಿದುಳಿನಲ್ಲಿ ಏನೂ ಇಲ್ಲ, ಮನೆಗೆ ಕರ್ಕೊಂಡ್ಹೋಗಿ," ಎಂದರು. ಮುನಿರಾಜನ ಬಗ್ಗೆ ಈ ಅನುಮಾನ ನಮಗೆ ಮೊದಲಿನಿಂದಲೂ ಇತ್ತು. ಆದರೂ ಪರದೆಗೆ ಬೆರಳಿಟ್ಟೆ. "ಇಲ್ಲೊಂದು ಬಿಳಿ ಚುಕ್ಕೆ ಇತ್ತಲ್ಲ ಸಾರ್?" ಎಂದೆ. ಸೆಲ್ವರಾಜ್ ಬಿಳಿಚಿಕೊಂಡ. ಪುಣ್ಯಕ್ಕೆ ತಿರುಗಿಸಿದ್ದೆಲ್ಲ ಕಂಪ್ಯೂಟರಿನ ಮೆಮೊರಿಯಲ್ಲಿ ಮಾತ್ರ. ಡಿಸ್ಕಿನಲ್ಲಿದ್ದ ಮೂಲಚಿತ್ರ ಹಾಗೇ ಇತ್ತು. ತೆರೆದು ತೋರಿಸಿದ. ಮೂಗು ಯಮನ ಕಡೆಗೆ, ಚುಕ್ಕೆ ತನ್ನ ಜಾಗದಲ್ಲಿ. ಅಂದೇ ಬೆಂಗಳೂರಿಗೆ ಸಾಗಿಸಿದೆವು. ತಲೆ ತೆರೆದರು. ಮುನಿರಾಜ ಬದುಕಿದ.

"ದಿಕ್ಕು ಬದಲಾಯ್ಸದಿದ್ರೆ ಓಗ್ಬಿಡ್ತಿದ್ದ," ಎನ್ನುತ್ತಾರೆ ಅತ್ತೆ. ಊರೂ ಒಪ್ಪಿದೆ. ಈಗ ಬೂದಿಕೋಟೆಯಲ್ಲಿ ಯಾರಿಗೆ ಸ್ಕ್ಯಾನ್ ಬರೆದುಕೊಟ್ಟರೂ, ಪರದೆ ಯಾವ ಗೋಡೆಗಿದೆ ಎಂದು ನೋಡಲು ನನ್ನನ್ನೇ ಜೊತೆಗೆ ಕಳಿಸುತ್ತಾರೆ. ನಾನೂ ಹೋಗುತ್ತೇನೆ.

ಆ ಡಾಕ್ಟರು ಈಗಿಲ್ಲ. ಅಂದು ಕಂಡವರಲ್ಲಿ ಸೆಲ್ವರಾಜ್ ಇದ್ದಾನೆ. ಚುಕ್ಕೆಯ ಮಾತೆತ್ತಿದರೆ ಕಾಫಿ ತರಿಸುತ್ತಾನೆ. ಅತ್ತೆಯೂ ಇದ್ದಾರೆ. ನಿಜವಾಗಿ ನಡೆದದ್ದೇನೆಂದು ತಿಳಿಯಬೇಕಾದವರು ಅವರನ್ನೇ ಕೇಳುತ್ತಾರೆ.