ಮಂಗಳವಾರ, ಶುಕ್ರವಾರ ಮಾತ್ರ ಬಸ್ಸಿರುವ ಊರು

ಮನುಷ್ಯನ ಅಧಃಪತನಕ್ಕೆ ಕಾಮ, ಕ್ರೋಧ, ಲೋಭಗಳೇ ಕಾರಣವೆಂದು ಹಿರಿಯರು ಹೇಳಿದ್ದಾರೆ. ದೊಡ್ಡವರ ಮಾತು, ಇರಬಹುದು. ನನ್ನ ಅಧಃಪತನಕ್ಕೆ ಮಾತ್ರ ಇಂಗ್ಲೆಂಡಿನ ಒಂದು ಹಳ್ಳಿಯ ಬಸ್ಸು ಕಾರಣ. ಆ ಬಸ್ಸನ್ನು ನಾನು ಕಂಡವನೂ ಅಲ್ಲ, ಹತ್ತಿದವನೂ ಅಲ್ಲ.

ಬಹರೈನಿನ ಡಿಪ್ಲೊಮ್ಯಾಟಿಕ್ ಏರಿಯಾದ ಕಚೇರಿಯೊಂದರಲ್ಲಿ ನಾನು ಡೆಪ್ಯುಟಿ ಮ್ಯಾನೇಜರ್. ಎಲೆಯ ತುದಿಗೆ ಬಡಿಸಿದ ಉಪ್ಪಿನಂಥ ಹುದ್ದೆ. ಇರಲೇಬೇಕು, ಆದರೆ ಇದೆಯೆಂದು ಯಾರೂ ಹೇಳಿಕೊಳ್ಳುವುದಿಲ್ಲ. ನಮ್ಮ ಮ್ಯಾನೇಜರ್ ಗ್ರಹಾಂ ಇಂಗ್ಲೆಂಡಿನವರು. ಆ ಬೇಸಿಗೆಗೆ ನಿವೃತ್ತರಾಗಿ, ತಮ್ಮ ದೇಶದ ಹಳ್ಳಿಯೊಂದರಲ್ಲಿ ಮನೆ ಕೊಂಡು ನೆಲೆಸುವವರಿದ್ದರು. ಅವರ ಕುರ್ಚಿ ನನಗೇ ಎಂದು ಮೇಲಿನವರು ಬಾಯಿಬಿಟ್ಟು ಹೇಳಿಯಾಗಿತ್ತು. ಹೀಗಿರುವಾಗ ಗ್ರಹಾಂ ಮತ್ತು ಅವರ ಹೆಂಡತಿ ಮೇರಿ, ಬುದಯ್ಯ ಎಂಬ ಊರಿನ ತಮ್ಮ ಮನೆಗೆ ನಮ್ಮನ್ನು ಚಹಾಕ್ಕೆ ಕರೆದರು. ಹೊರಡುವಾಗ ನನ್ನ ಹೆಂಡತಿ ಸುಶೀಲ, "ಅಲ್ಲಿ ಬಾಯಿ ಮುಚ್ಕೊಂಡು ಕೇಕ್ ತಿನ್ರೀ. ಏನು ತೋರಿಸಿದ್ರೂ ಚೆನ್ನಾಗಿದೆ ಅನ್ನಿ" ಎಂದಳು. ಬಾಯಿ ಮುಚ್ಚಿಕೊಂಡು ಕೇಕ್ ತಿನ್ನುವ ವಿದ್ಯೆ ನನಗೆ ಕೊನೆಗೂ ಒಲಿಯಲಿಲ್ಲ.

ಮೇರಿ ಲ್ಯಾಪ್‌ಟಾಪ್ ತೆರೆದು ಆ ಹಳ್ಳಿಯನ್ನು ತೋರಿಸಿದರು. ಕಲ್ಲಿನ ಮನೆ, ಬಾಗಿಲ ಮೇಲೆ ಹಬ್ಬಿದ ಗುಲಾಬಿ, ಬಾತುಕೋಳಿಗಳ ಕೊಳ. ಒಂದು ಚರ್ಚು, ಅದರ ಎದುರಿಗೇ ಒಂದು ಪಬ್ಬು. ಪಾಪಕ್ಕೂ ಪರಿಹಾರಕ್ಕೂ ನಡುವೆ ಒಂದೇ ರಸ್ತೆ. ಬ್ರೆಡ್ಡು, ಅಂಚೆಚೀಟಿ, ಊರ ಸುದ್ದಿ ಮೂರೂ ಸಿಗುವ ಒಂದೇ ಅಂಗಡಿ. ಕೆಂಪು ಟೆಲಿಫೋನ್ ಗೂಡಿನಲ್ಲಿ ಟೆಲಿಫೋನಿನ ಬದಲು ಪುಸ್ತಕಗಳು, ಬೇಕಾದವರು ಒಯ್ಯಬಹುದಂತೆ. ಅಡುಗೆಮನೆಯ ಕಿಟಕಿಗೆಂದು ನೀಲಿ ಪರದೆಯನ್ನೂ ಆಕೆ ಆಗಲೇ ಹೊಲಿದಿಟ್ಟಿದ್ದರು.

ನಮ್ಮ ದಾವಣಗೆರೆಯ ಕಡೆ ಒಂದು ಪದ್ಧತಿಯಿದೆ. ಕೊಳ್ಳಲಿರುವ ಮನೆಯನ್ನು ಯಾರಾದರೂ ತೋರಿಸಿದಾಗ "ಚೆನ್ನಾಗಿದೆ" ಎನ್ನುವವನು ಪರಕೀಯ. ಆತ್ಮೀಯನಾದವನು ಗೋಡೆ ತಟ್ಟಬೇಕು, ನಲ್ಲಿ ತಿರುಗಿಸಬೇಕು, ನೀರು ಯಾವಾಗ ಬರುತ್ತದೆಂದು ವಿಚಾರಿಸಿ ನಿಟ್ಟುಸಿರು ಬಿಡಬೇಕು. ನನ್ನ ಸೋದರಮಾವ ಒಂದಾದರೂ ದೋಷ ಹುಡುಕದೆ ಯಾರ ಗೃಹಪ್ರವೇಶದಲ್ಲೂ ಊಟಕ್ಕೆ ಕೂತವರಲ್ಲ. ಗ್ರಹಾಂ ಮೇಲೆ ನನಗೂ ಪ್ರೀತಿಯಿತ್ತು. ಬಸ್ಸು ಹೇಗೆ ಎಂದೆ. ಮಂಗಳವಾರ ಮತ್ತು ಶುಕ್ರವಾರ, ಎಂದರು ಮೇರಿ. ಡಾಕ್ಟರು? ಪಕ್ಕದ ಪಟ್ಟಣದಲ್ಲಿ. ಅಕ್ಕಪಕ್ಕದವರು? ಹೆಚ್ಚಿನವರು ವಾರದ ಕೊನೆಗೆ ಮಾತ್ರ ಬರುತ್ತಾರೆ. "ಹಾಗಾದರೆ ಗುರುವಾರ ಎದೆನೋವು ಬಂದರೆ?" ಎಂದು ಅಕ್ಕರೆಯಿಂದಲೇ ಕೇಳಿದೆ.

ಮೇಜಿನ ಕೆಳಗೆ ಸುಶೀಲಳ ಚಪ್ಪಲಿ ನನ್ನ ಪಾದವನ್ನು ಅರೆಯಿತು. ಗ್ರಹಾಂ ಹೃದಯಕ್ಕೆ ಹಿಂದಿನ ವರ್ಷವೇ ಚಿಕಿತ್ಸೆಯಾಗಿತ್ತು; ಸೇಬು ಹಿಡಿದು ಆಸ್ಪತ್ರೆಗೆ ಹೋಗಿ ಧೈರ್ಯ ಹೇಳಿದ್ದವನೂ ನಾನೇ. ಮೇರಿ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿ, ಚಹಾ ಆರುತ್ತಿದೆ ಎಂದರು.

ಕಾರಿನಲ್ಲಿ ಸುಶೀಲ, "ಅವ್ರು ಮನೆ ತೋರಿಸಿದ್ದು ರೀ, ಜಾತಕ ಅಲ್ಲ" ಎಂದಳು.

ಮರುವಾರ ಗ್ರಹಾಂ ನನ್ನ ಕೈ ಹಿಡಿದುಕೊಂಡು, ಎಲ್ಲರೂ ಹೊಗಳಿದರು, ನಿಜ ಹೇಳಿದವನು ನೀನೊಬ್ಬನೇ, ಆ ಮನೆ ಬಿಟ್ಟುಬಿಟ್ಟೆವು, ಸದ್ಯ ಇಲ್ಲೇ ಇರುತ್ತೇವೆ ಎಂದರು. ಆ ಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಕುರ್ಚಿ. ಮೇರಿಯ ನೀಲಿ ಪರದೆ ನೆನಪಾದದ್ದು ಬಹಳ ಹೊತ್ತಿನ ಮೇಲೆ. ಇದನ್ನು ಸುಶೀಲಳಿಗೆ ಈವರೆಗೂ ಹೇಳಿಲ್ಲ. ಹಳ್ಳಿಯ ಗಾಳಿಗೆ ಎದೆನೋವು ಹತ್ತಿರ ಸುಳಿಯುವುದಿಲ್ಲವೆಂದು ಗ್ರಹಾಂ ಅವರ ಕೋಣೆಗೇ ಹೋಗಿ ವಾದಿಸಿ ನೋಡಿದೆ. ನಿನ್ನದು ದೊಡ್ಡ ಮನಸ್ಸು ಎಂದರು. ಹೊರಗೆ ಬಂದಾಗ ಅಕೌಂಟ್ಸಿನ ಶೆಟ್ಟರು, "ಎಂತ ಮಾರಾಯ್ರೆ, ಎದ್ದು ಹೊರಟವರನ್ನು ಕೈ ಹಿಡಿದು ಕೂರಿಸಿದ್ರಲ್ಲ! ಇನ್ನು ನೀವೇ ಹೋಗಿ ಆ ಮನೆ ತೆಗೊಳ್ಳಿ" ಎಂದು ನಕ್ಕರು.

ಗ್ರಹಾಂ ಅವರ ಕರಾರು ಇನ್ನೂ ಮೂರು ವರ್ಷಕ್ಕೆ ಮುಂದುವರಿದಿದೆ. ನಾನು ಡೆಪ್ಯುಟಿ ಮ್ಯಾನೇಜರ್ ಆಗಿಯೇ ಇದ್ದೇನೆ.