ಚಿಕ್ಕಮ್ಮನ ಗ್ರಾಫ್ ಹಾಳೆಯ ಹಬ್ಬಗಳು

ಯಾವ ಹಬ್ಬ ಹತ್ತಿರ ಬಂತೆಂದು ತಿಳಿಯಲು ನಮ್ಮ ಚಿಕ್ಕಮ್ಮನ ಮನೆಯಲ್ಲಿ ಪಂಚಾಂಗ ಬೇಡ, ಗ್ರಾಫ್ ಹಾಳೆ ಸಾಕು! ಗಣೇಶನಾಗಲಿ ದುರ್ಗೆಯಾಗಲಿ, ಮೊದಲು ಚುಕ್ಕಿಗಳಾಗಿ ಹಾಜರಿ ಹಾಕಬೇಕು. ಆಮೇಲೆ ಬೇಕಾದರೆ ನೈವೇದ್ಯ.

ಚಿಕ್ಕಪ್ಪನ ಬಂದರಿನ ಕೆಲಸದ ಹಿಂದೆಯೇ ಮೈಸೂರು ಬಿಟ್ಟು ಬಂಗಾಳದ ಖಿದಿರ್‌ಪುರಕ್ಕೆ ಬಂದ ಚಿಕ್ಕಮ್ಮ ಇಲ್ಲಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷಗಳಿಂದ ಗಣಿತ ಕಲಿಸುತ್ತಿದ್ದಾರೆ. ನಿವೃತ್ತಿಯ ವಯಸ್ಸು ದಾಟಿದರೂ ಶಾಲೆಯವರು ಕಳಿಸಿಕೊಟ್ಟಿಲ್ಲ. ಕಳಿಸಲು ಅವರಿಗೆ ಧೈರ್ಯವಾದರೂ ಎಲ್ಲಿಂದ ಬರಬೇಕು? ಪ್ರತಿ ಹಬ್ಬಕ್ಕೂ ಚಿಕ್ಕಮ್ಮ ಎಂಟನೇ ತರಗತಿಯ ಮಕ್ಕಳಿಗೆ ಒಂದು ಹಾಳೆ ಹಂಚುತ್ತಾರೆ. ಅದರಲ್ಲಿ ಚಿತ್ರವಿಲ್ಲ, ಬರೀ ಸಂಖ್ಯೆಗಳ ಜೋಡಿಗಳು. ಮೊದಲನೆಯದರಷ್ಟು ಅಡ್ಡಕ್ಕೆ ಹೋಗಿ, ಎರಡನೆಯದರಷ್ಟು ಮೇಲಕ್ಕೆ ಹತ್ತಿ ಚುಕ್ಕಿ ಇಡಬೇಕು. ಚುಕ್ಕಿಗಳನ್ನು ಸಾಲಾಗಿ ಸೇರಿಸಿದರೆ ಇಲ್ಲಿಯವರು ಪಟ ಹಾರಿಸುವ ವಿಶ್ವಕರ್ಮ ಪೂಜೆಗೆ ಗಾಳಿಪಟ, ದೀಪಾವಳಿಗೆ ಹಣತೆ ಮೂಡುತ್ತದೆ. ಬಾಗಿಲಲ್ಲಿ ಚುಕ್ಕಿ ರಂಗೋಲಿ ಇಟ್ಟು ಬೆಳೆದವರಿಗೆ ಇದೇನು ಮಹಾ ಎಂದು ಅವರ ವಾದ.

ಈ ಹುಚ್ಚು ಶಾಲೆಗೇ ನಿಂತಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಯುಗಾದಿಯ ದಿನ ಬಾಳೆಎಲೆಯ ಮುಂದೆ ಕೂತರೆ ಅಲ್ಲೂ ಅದೇ! ಎಲೆಯ ನಡುದಿಂಡು ಒಂದು ಅಕ್ಷವಂತೆ. ಎಡಗಡೆ ಮೇಲಿನ ಉಪ್ಪು ಎರಡನೇ ಕ್ವಾಡ್ರಂಟು, ಬಲಗಡೆ ಕೆಳಗಿನ ಪಾಯಸ ನಾಲ್ಕನೆಯದು. ಹೀಗೆ ಪಾಠ ನಡೆಯುತ್ತಿರುವಾಗಲೇ ಚಿಕ್ಕಪ್ಪ ಬಡಿಸಿದ ಸಾರು ನಾಲ್ಕೂ ಕ್ವಾಡ್ರಂಟುಗಳನ್ನು ಸುತ್ತಿಕೊಂಡು ನೆಲಕ್ಕಿಳಿಯಿತು. "ನಿನ್ನ ಸಾರಿಗೆ ಮೊದಲು ಗಣಿತ ಹೇಳಿಕೊಡೇ" ಎಂದರು ಚಿಕ್ಕಪ್ಪ.

ಸರಸ್ವತಿ ಪೂಜೆಯಲ್ಲಂತೂ ಚಿಕ್ಕಮ್ಮ ಪೂರಾ ಮೋಸಹೋದರು. ವಿದ್ಯಾದೇವತೆಯ ಹಬ್ಬಕ್ಕಿಂತ ಒಳ್ಳೆಯ ಮುಹೂರ್ತ ಬೇಕೇ ಎಂದು ಪೂಜೆಯ ಬೆಳಿಗ್ಗೆಯೇ ವೀಣೆಯ ಹಾಳೆ ಹಂಚಿದರು. ಆದರೆ ಬಂಗಾಳದಲ್ಲಿ ಆ ದಿನ ಮಕ್ಕಳು ಪುಸ್ತಕ ಮುಟ್ಟುವ ಹಾಗಿಲ್ಲ, ಎಲ್ಲವೂ ದೇವಿಯ ಪಾದದ ಬಳಿ! ನಮ್ಮ ಮೈಸೂರಿನವರಿಗೆ ಇದು ಮೂವತ್ತು ವರ್ಷವಾದರೂ ನೆನಪಿರಬೇಕಲ್ಲ? ಮಾರನೆಯ ದಿನ ಹಾಳೆಗಳೆಲ್ಲ ಹೂವಿನ ಎಸಳು, ಚಂದನದ ಬೊಟ್ಟಿನೊಡನೆ ವಾಪಸು ಬಂದವು. ವೀಣೆಯ ಚುಕ್ಕಿ ಒಂದೂ ಇರಲಿಲ್ಲ. ಪ್ರಸಾದಕ್ಕೆ ಅಂಕ ಕಳೆಯುವುದು ಹೇಗೆಂದು ಚಿಕ್ಕಮ್ಮ ಎರಡು ದಿನ ಯೋಚಿಸಿದರು.

ಅಂಕದ ವಿಷಯದಲ್ಲಿ ಅವರು ಮಹಾ ಕಟ್ಟುನಿಟ್ಟು. ಅರ್ಧ ಅಂಕಕ್ಕೆ ಗೋಗರೆದರೂ ಕರಗುವವರಲ್ಲ. ತಮ್ಮ ಮೇಲೂ ಅಷ್ಟೇ. ಈ ಸಲ ಚಳಿಗಾಲದಲ್ಲಿ, ವಯಸ್ಸಾಯಿತು, ಇನ್ನು ಸಾಕು ಮಾಡು ಎಂದು ಚಿಕ್ಕಪ್ಪ ರಾಗ ತೆಗೆದಾಗ, ಅವರು ಅದಕ್ಕೆ ಉತ್ತರವನ್ನು ತರಗತಿಯಲ್ಲೇ ಘೋಷಿಸಿಬಿಟ್ಟರು: ನನ್ನ ಹಾಳೆಯಲ್ಲಿ ತಪ್ಪು ಸಿಕ್ಕ ದಿನವೇ ಸೀಮೆಸುಣ್ಣ ಕೆಳಗಿಡುತ್ತೇನೆ!

ಅದಾದ ವಾರಕ್ಕೆ ಕ್ರಿಸ್ಮಸ್ ಮರದ ಹಾಳೆ ಬಂತು. ನನ್ನ ಮಗಳೂ ಅದೇ ತರಗತಿ. ಅವಳಿಗೆ ಚಿಕ್ಕಮ್ಮ ಶಾಲೆಯಲ್ಲಿ ಮಿಸ್, ಮನೆಯಲ್ಲಿ ಅಜ್ಜಿ. ಪಾರ್ಕ್ ಸ್ಟ್ರೀಟಿನ ಕ್ರಿಸ್ಮಸ್ ದೀಪ ನೋಡಲು ಹೊರಡೋಣವೆಂದು ನಾನು ಕರೆಯುತ್ತಿದ್ದರೆ ಅವಳು ಹಾಳೆ ಬಿಟ್ಟು ಏಳಲಿಲ್ಲ. ಹೋಗಿ ನೋಡಿದೆ. ಮರ ಬಲಕ್ಕೆ ತಲೆಹಾಕಿ ಆರಾಮವಾಗಿ ಮಲಗಿತ್ತು!

"ಅಮ್ಮ, ಅಜ್ಜಿ ಎಕ್ಸ್ ವೈ ಉಲ್ಟಾ ಬರ್ದಿದಾರೆ," ಎಂದಳು. "ಪ್ಲೀಸ್, ಹೇಳ್ಬೇಡ. ಶಿ ವಿಲ್ ಲೀವ್."

ಆಮೇಲೆ ಅವಳ ಫೋನು ಒಂದು ಗಂಟೆ ಬಿಡುವಿಲ್ಲದೆ ಬಂಗಾಳಿ, ಹಿಂದಿ, ಇಂಗ್ಲಿಷಿನಲ್ಲಿ ಗುಸುಗುಟ್ಟಿತು. ಮರುದಿನ ನಲವತ್ತೆರಡು ಮಕ್ಕಳು ನಲವತ್ತೆರಡು ಹಾಳೆ ಕೊಟ್ಟರು. ಎಲ್ಲದರಲ್ಲೂ ಮರ ನೆಟ್ಟಗೆ ನಿಂತಿತ್ತು. ಚಿಕ್ಕಮ್ಮ ತಾವು ಮೊದಲೇ ಬರೆದಿಟ್ಟಿದ್ದ ಚಿತ್ರದೊಡನೆ ಹೋಲಿಸಿ ಬಲು ಹಿಗ್ಗಿದರು.

ರಜೆಯ ಮೊದಲ ದಿನ, ತರಗತಿಯ ಗೋಡೆಗೆಂದು ದೊಡ್ಡ ಹಾಳೆಯಲ್ಲಿ ತಾವೇ ಚುಕ್ಕಿ ಇಡಲು ಕೂತರು. ನಾನು ಅಲ್ಲೇ ಇದ್ದೆ. ಐದನೇ ಚುಕ್ಕಿಗೆ ಪೆನ್ಸಿಲು ನಿಂತಿತು. ಸಂಖ್ಯೆಗಳನ್ನು ಮತ್ತೆ ಓದಿದರು. ಮಕ್ಕಳ ಹಾಳೆಗಳನ್ನು ಒಂದೊಂದಾಗಿ ತಿರುವಿದರು.

"ನಿಂಗೆ ಗೊತ್ತಿತ್ತೇನೇ?" ಎಂದರು.

ಗೊತ್ತಿತ್ತು ಎಂದೆ. ನೀವು ಬಿಟ್ಟುಹೋಗುತ್ತೀರೆಂದು ಮಕ್ಕಳು ಹೆದರಿದರು ಎಂದೂ ಹೇಳಿದೆ.

"ಅರ್ಧ ಮಾರ್ಕಿಗೆ ನನ್ನ ಹತ್ರ ಜಗಳಕ್ಕೆ ಬರೋ ಮಕ್ಕಳು ಕಣೇ ಇವು," ಎಂದವರು ಕನ್ನಡಕ ತೆಗೆದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟರು. ನನಗೂ ತಡೆಯಲಾಗಲಿಲ್ಲ. ಅಷ್ಟು ವರ್ಷ ನಾವೆಲ್ಲ ನೋಡಿ ನಗುತ್ತಿದ್ದ ಆ ಹಾಳೆಗಳು ಮಕ್ಕಳಿಗೆ ಅಷ್ಟೊಂದು ಬೇಕಾಗಿದ್ದವೆಂದು ನನಗೆ ತಿಳಿದೇ ಇರಲಿಲ್ಲ.

ಅತ್ತು ಮುಗಿಸಿ ಕೆಂಪು ಪೆನ್ನು ಕೇಳಿದರು. ನಲವತ್ತೆರಡು ಹಾಳೆಗಳ ಮೇಲೂ ಒಂದೇ ಮಾತು ಬರೆದರು: "ಕೊಟ್ಟ ಬಿಂದುಗಳಿಗೆ ಈ ಉತ್ತರ ತಪ್ಪು. ಹತ್ತಕ್ಕೆ ಹತ್ತು. ಸಂಕ್ರಾಂತಿಯ ಹಾಳೆಯನ್ನು ನಾನು ಹಂಚುವ ಮೊದಲು ನೀವೇ ಪರೀಕ್ಷಿಸಿ ಕೊಡಿ."