ಆರುವ ನೀರು, ನಡುಗುವ ಗೆರೆ

ಗೆರೆ ನಡುಗಿತು. ಗೆರೆಯೊಡನೆ ಭೌತಶಾಸ್ತ್ರದ ಮೇಷ್ಟ್ರೂ ನಡುಗಿದರು.

ಪ್ರಯೋಗಶಾಲೆಯ ಮೇಜಿನ ಮೇಲೆ ಬಿಸಿನೀರಿನ ಪಾತ್ರೆ, ನೀರಿನೊಳಗೆ ತಾಪ ಅಳೆಯುವ ಪುಟ್ಟ ಸೆನ್ಸರು, ಅದರಿಂದ ಹೊರಟ ತಂತಿಗಳು ಅಂಗೈಯಗಲದ ಅಗ್ಗದ ಸರ್ಕ್ಯೂಟ್ ಬೋರ್ಡಿಗೆ, ಬೋರ್ಡಿನಿಂದ ಕಂಪ್ಯೂಟರಿಗೆ. ನೀರು ಆರಿದಂತೆಲ್ಲ ಪರದೆಯ ಮೇಲಿನ ಗೆರೆ ಮೊದಲು ಸರಸರನೆ, ಆಮೇಲೆ ನಿಧಾನವಾಗಿ, ಬೆಟ್ಟವಿಳಿದು ಬಯಲು ಸೇರುವ ಹಾದಿಯಂತೆ ಇಳಿಯಬೇಕು. ಉಷ್ಣಗತಿಶಾಸ್ತ್ರವನ್ನು ಕಪ್ಪುಹಲಗೆಯ ಸೆರೆಯಿಂದ ಬಿಡಿಸಿ ಮಕ್ಕಳ ಕಣ್ಣೆದುರು ನಿಲ್ಲಿಸುವ ಈ ಏರ್ಪಾಡನ್ನು ಮೇಷ್ಟ್ರು ಸ್ವಂತ ಕೈಯಿಂದ ಕಟ್ಟಿದ್ದರು. ನಿನ್ನೆಯವರೆಗೂ ಗೆರೆ ಹೇಳಿದ ಮಾತು ಕೇಳುತ್ತಿತ್ತು. ಇಂದು, ಪರಿವೀಕ್ಷಕರು ಬರುವ ದಿನವೇ, ಮೈಮೇಲೆ ದೆವ್ವ ಬಂದಂತೆ ಕುಣಿಯುತ್ತಿತ್ತು.

ಮೇಷ್ಟ್ರ ಕೆಲಸ ಕಾಯಂ ಆಗುವುದೂ ಬಿಡುವುದೂ ಆ ಪರಿವೀಕ್ಷಕರ ಒಂದು ಮಾತಿನಲ್ಲಿತ್ತು. ಕೆಲಸಕ್ಕೆ ಸೇರಿದ ವರ್ಷ ಹುಟ್ಟಿದ ಮಗಳು ಶಾಲೆಗೆ ಹೋಗತೊಡಗಿದ್ದಳು. ತಂದೆ ಮಾತ್ರ ತಾತ್ಕಾಲಿಕರಾಗಿಯೇ ಉಳಿದಿದ್ದರು. “ನಮ್ಮಪ್ಪ ಈಗಲೂ ನಿಮ್ಮನ್ನ ‘ತಾತ್ಕಾಲಿಕ ಅಳಿಯ’ ಅಂತಾನೇ ಕರೆಯೋದು. ಇವತ್ತು ಅದನ್ನ ಮುಗಿಸಿ ಬನ್ನಿ” ಎಂದು ಹೆಂಡತಿ ಬೆಳಿಗ್ಗೆ ಹರಸಿಯೋ ಹೆದರಿಸಿಯೋ ಕಳುಹಿಸಿದ್ದಳು.

ಕಂಪ್ಯೂಟರ್ ಕಲಿಸುವ ಮೇಡಂ ಬಂದು ಪರದೆ ನೋಡಿದರು. “ಸರ್, ನಿನ್ನೆಯ ಒಳ್ಳೇ ಗೆರೆ ನನ್ನ ಹತ್ರ ಇದೆ. ಅದನ್ನೇ ಓಡಿಸಿಬಿಡಲಾ? ನೋಡೋರಿಗೆ ನೀರು ಈಗ್ಲೇ ಆರ್ತಿದೆ ಅನ್ಸತ್ತೆ.”

“ಶಾಂತಂ ಪಾಪಂ! ಅದು ಸುಳ್ಳಲ್ವೇನಮ್ಮಾ?”

“ನಿನ್ನೆಯ ನಿಜ ಸರ್. ಸ್ವಲ್ಪ ಆರಿರೋ ನಿಜ, ಅಷ್ಟೇ.”

ಮೇಷ್ಟ್ರ ಅಂತಃಕರಣ ವಾದಕ್ಕೆ ನಿಂತಿತು. ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಧಡ್ ಎಂದಿತು, ವಾದ ಮುಗಿಯಿತು. “ಓಡಿಸಿಬಿಡಮ್ಮಾ” ಎಂದು ಪಿಸುಗುಟ್ಟಿ ಸ್ವಾಗತಕ್ಕೆ ಓಡಿದರು.

ಪ್ರಾಂಶುಪಾಲರನ್ನೂ ಪರಿವೀಕ್ಷಕರನ್ನೂ ಕರೆತರುವ ಹೊತ್ತಿಗೆ ಗೆರೆ ರೇಷ್ಮೆಯ ಎಳೆಯಂತೆ ಇಳಿಯುತ್ತಿತ್ತು.

“ಭೇಷ್! ಏನ್ರೀ ಇದು, ಕಣ್ಣಿಗೆ ಹಬ್ಬ!” ಎಂದರು ಪರಿವೀಕ್ಷಕರು.

ಎರವಲು ಒಡವೆ ತೊಟ್ಟು ಹೊಗಳಿಸಿಕೊಂಡವರಂತೆ ಮೇಷ್ಟ್ರು ತಲೆ ತಗ್ಗಿಸಿದರು. ಆಗ ಅವರ ತಲೆಗೆ ಒಂದು ಯೋಚನೆ ಹೊಕ್ಕಿತು. ಗೆರೆ ನಿನ್ನೆಯದು, ನೀರು ಇಂದಿನದು! ಯಾರಾದರೂ ನೀರನ್ನು ಕೆಣಕಿದರೆ ಗೆರೆ ಕದಲುವುದಿಲ್ಲ. ಕದಲದಿದ್ದರೆ ಕತೆ ಮುಗಿಯಿತು.

ಕೆಣಕುವವರು ಆಗಲೇ ಬಾಗಿಲಲ್ಲಿದ್ದರು. ಅಟೆಂಡರ್ ಹಬೆಯಾಡುವ ಕೆಟಲ್ ಹಿಡಿದು ಬಂದ. “ಅಯ್ಯೋ ಸಾರ್, ನೀರು ಆರಿಹೋಗ್ತಾ ಇದೆ! ದೊಡ್ಡ ಸಾಹೇಬ್ರ ಮುಂದೆ ಮಾನ ಹೋಗಲ್ವಾ? ಒಂದಿಷ್ಟು ಬಿಸಿ ಹಾಕ್ಬಿಡ್ತೀನಿ.”

“ಆರಬೇಕು ಕಣಯ್ಯಾ! ಆರೋದೇ ಪಾಠ!”

“ಅದನ್ನೂ ಪಾಠ ಮಾಡ್ಬೇಕಾ ಸಾರ್? ನಮ್ಮನೇಲಿ ಎಲ್ಲಾ ತಾನಾಗೇ ಆರತ್ತೆ” ಎನ್ನುತ್ತ ಅವನು ಕೆಟಲ್ ಬಗ್ಗಿಸಿದ. ಮೇಷ್ಟ್ರು ತಮ್ಮ ತೋಳನ್ನೇ ಕೋಟೆಗೋಡೆಯಾಗಿ ಒಡ್ಡಿದರು. ಬಿಸಿನೀರು ತೋಳಿನ ಮೇಲೆ ಬಿತ್ತು. ಗಂಟಲಿಗೆ ಬಂದ ಕಿರುಚಾಟವನ್ನು ಮುಗುಳ್ನಗೆಯಾಗಿ ತಿದ್ದಿ ಹೊರಬಿಟ್ಟರು.

ಸಲಹೆ ಕೊಡದೆ ಉಂಡದ್ದು ಅರಗದ ರಸಾಯನಶಾಸ್ತ್ರದ ಮೇಷ್ಟ್ರು ಮುಂದಕ್ಕೆ ಬಂದರು. “ಫ್ಯಾನ್ ಹಾಕ್ರೀ! ಗಾಳಿಗೆ ಗೆರೆ ಇನ್ನೂ ಬೇಗ ಇಳಿಯತ್ತೆ, ಸಾಹೇಬ್ರಿಗೆ ತೋರ್ಸಿ” ಎಂದು ಸ್ವಿಚ್ಚಿಗೆ ಕೈ ಹಾಕಿದರು.

“ಬೇಡ್ರೀ! ಆ ಫ್ಯಾನು... ಬೀಳತ್ತೆ!”

ಅದರ ಕೆಳಗೆ ನಿಂತಿದ್ದ ಪ್ರಾಂಶುಪಾಲರು ಥಟ್ಟನೆ ಗೋಡೆಗೆ ಸರಿದರು.

ಮೂಲೆಯಿಂದ ಕಂಪ್ಯೂಟರ್ ಮೇಡಂ ಹುಬ್ಬು ಹಾರಿಸಿದರು, ಕಣ್ಣು ತಿರುಗಿಸಿದರು, ತಲೆಯಾಡಿಸಿದರು. ಗುಟ್ಟು ರಟ್ಟಾಗುವ ಸೂಚನೆಯೆಂದೇ ತಿಳಿದ ಮೇಷ್ಟ್ರು, ನಿಧಿ ಕಾಯುವ ಸರ್ಪದಂತೆ ಪಾತ್ರೆಯನ್ನು ಸುತ್ತುವರಿದು, ಮತ್ತೆ ಅತ್ತ ನೋಡಲಿಲ್ಲ.

“ಎಷ್ಟು ಬಿಸಿ ಇದೆ ನೋಡೋಣ” ಎಂದು ಪರಿವೀಕ್ಷಕರೇ ಬೆರಳು ಚಾಚಿದರು.

“ಮುಟ್ಟಬೇಡಿ ಸಾರ್! ಬೆರಳಿನ ಬಿಸಿಯೂ ಲೆಕ್ಕಕ್ಕೆ ಬರತ್ತೆ!”

ಪರಿವೀಕ್ಷಕರು ಬೆರಳನ್ನು ಹಿಂದಕ್ಕೆಳೆದುಕೊಂಡು ಮೇಷ್ಟ್ರ ಒದ್ದೆ ತೋಳನ್ನು ನೋಡಿದರು. ಅವರ ಕಣ್ಣು ತೇವವಾಯಿತು. “ಮೈ ಸುಟ್ಕೊಂಡು ಪ್ರಯೋಗ ಕಾಪಾಡೋ ಮೇಷ್ಟ್ರನ್ನ ನಾನು ನೋಡೇ ಇಲ್ಲ. ನಿಮ್ಮಂಥೋರು ಕಾಯಂ ಆಗ್ಲೇಬೇಕು.”

ಮೇಷ್ಟ್ರಿಗೆ ಮೋಕ್ಷದ್ವಾರ ಕಿರ್ರೆಂದದ್ದು ಕೇಳಿಸಿತು.

“ಹೊರಡೋ ಮುಂಚೆ ಒಂದೇ ಆಸೆ” ಎಂದರು ಪರಿವೀಕ್ಷಕರು. “ಇದೆಲ್ಲ ಓಪನ್ ಸೋರ್ಸ್ ಅಂತೀರಲ್ಲ, ಅಂದ್ರೆ ಪ್ರೋಗ್ರಾಮಿನ ಒಳಗಿರೋದನ್ನ ಯಾರು ಬೇಕಾದ್ರೂ ಓದಬಹುದು, ಅಲ್ವಾ? ಈ ವಯಸ್ಸಲ್ಲಿ ನಾನೂ ಒಂಚೂರು ಕಲ್ತಿದೀನಿ. ತೆರೀರಿ, ಓದೋಣ.”

ದ್ವಾರ ಮುಚ್ಚಿತು. ಬೀಗವಿಲ್ಲದ ಮನೆಯಲ್ಲಿ ಕದ್ದ ಮಾಲನ್ನು ಅಡಗಿಸುವುದೆಲ್ಲಿ? ಮೇಷ್ಟ್ರು ಕೈ ಜೋಡಿಸಿದರು.

“ತಪ್ಪಾಯ್ತು ಸಾರ್! ಆ ಗೆರೆ ಸುಳ್ಳು. ಅದು ನಿನ್ನೇದು. ನಾನೇ ಓಡಿಸೋಕೆ ಹೇಳ್ದೆ. ಈ ನೀರಿಗೂ ಅದಕ್ಕೂ ಸಂಬಂಧಾನೇ ಇಲ್ಲ!”

ಪರಿವೀಕ್ಷಕರು ಕನ್ನಡಕ ಏರಿಸಿ, ಮೇಡಂ ತೆರೆದುಕೊಟ್ಟ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದರು. ಆಮೇಲೆ ಅಟೆಂಡರ್ ಕೈಯಿಂದ ಕೆಟಲ್ ತೆಗೆದುಕೊಂಡು ಪಾತ್ರೆಗೆ ಸುರಿದರು. ಗೆರೆ ಗರುಡನಂತೆ ಮೇಲಕ್ಕೆ ಹಾರಿತು.

“ನಾನು ಆಗ್ಲೇ ಹಾಕ್ತೀನಿ ಅಂದೆ” ಎಂದ ಅಟೆಂಡರ್.

“ಒಂದು ತಂತಿ ಸಡಿಲವಾಗಿತ್ತು ಸರ್, ಅದನ್ನ ಒತ್ತಿದೆ” ಎಂದರು ಮೇಡಂ ಮೇಷ್ಟ್ರಿಗೆ, ಅಳುದನಿಯಲ್ಲಿ. “ನಿಜವೇ ಸರಿಯಾಗಿ ಬರ್ತಿತ್ತು, ಸುಳ್ಳು ಯಾಕೆ ಅಂತ ನಿನ್ನೇದನ್ನ ಓಡಿಸ್ಲೇ ಇಲ್ಲ. ಹೇಳೋಣ ಅಂತ ಎಷ್ಟು ಸನ್ನೆ ಮಾಡ್ದೆ! ನೀವು ಪಾತ್ರೆ ಬಿಟ್ಟು ತಲೆ ಎತ್ತಲೇ ಇಲ್ಲ.”

ಪರಿವೀಕ್ಷಕರು ಕನ್ನಡಕ ಇಳಿಸಿದರು. “ಯಂತ್ರ ನಿಜ ಹೇಳಿದೆ. ಮೇಷ್ಟ್ರು ಸುಳ್ಳು ಹೇಳಿಸೋಕೆ ನೋಡಿದಾರೆ, ಅದೂ ಅವರ ಬಾಯಿಂದಲೇ ಬಂತು. ಪ್ರಾಂಶುಪಾಲರೇ, ಈ ಪ್ರಯೋಗ ಎಲ್ಲಾ ತರಗತಿಗೂ ಕಾಯಂ ಆಗ್ಲಿ. ಇವರು ಇನ್ನಷ್ಟು ಕಾಲ ತಾತ್ಕಾಲಿಕವಾಗೇ ಇರ್ಲಿ.”

ಬಿಸಿಯಾದ ಯಾವ ವಸ್ತುವೂ ತಾನಿರುವ ಕೋಣೆಗಿಂತ ಹೆಚ್ಚು ತಣ್ಣಗಾಗಲಾರದೆಂಬುದು ಶಾಸ್ತ್ರ. ಆ ಪ್ರಯೋಗಶಾಲೆಯಲ್ಲಿ ಮೇಷ್ಟ್ರೊಬ್ಬರು ಮಾತ್ರ ಕೋಣೆಗಿಂತ ತಣ್ಣಗಾಗಿದ್ದರು.